ಕೆಂಚಪ್ಪನ ಕುಣಿಕೆ ಕೋಲು

ಶಿಷ್ಯನೊಬ್ಬ ತನ್ನ ಗುರುವಿನ ಕೈಗೆ ಕುಣಿಕೆ ಹಾಕಿ, ಹಾಡಹಗಲೇ ಊರೊಳಗೆ ನಡೆಸಿಕೊಂಡು ಬಂದ ಸಂಗತಿ ಇದು. ಸುಳ್ಳು ಅನ್ನಬೇಡಿ. ಬಿಡಿಸಲು ಹರಳೆಣ್ಣೆ ಕೊಟ್ಟವಳು ನಾನೇ.

ಹೊಳೆದಂಡೆಯ ಆಶ್ರಮದಲ್ಲಿ ಇದ್ದವರು ಇಬ್ಬರೇ. ವಯಸ್ಸಾದ ಗುರುಗಳು, ಅವರ ಶಿಷ್ಯ ಕೆಂಚಪ್ಪ.

ಒಂದು ದಿನ ನಸುಕಿನಲ್ಲಿ ಆಶ್ರಮದ ಬೇಲಿಯಾಚೆ ನರಿಯೊಂದರ ಕಾಲು ತಂತಿಯ ಉರುಳಿಗೆ ಸಿಕ್ಕಿಕೊಂಡಿತು. ಮೊಲಕ್ಕೆಂದು ಉರುಳು ಒಡ್ಡಿದವರು ನಮ್ಮೂರ ಗೌಡರು. ಸೋಮವಾರ ಸೋಮವಾರ ಆಶ್ರಮಕ್ಕೆ ಹೂವು ತಂದು, ಪ್ರಾಣಿಹಿಂಸೆ ಪಾಪ ಅಂತ ನಮಗೆಲ್ಲ ಬುದ್ಧಿ ಹೇಳುತ್ತಿದ್ದ ಅದೇ ಗೌಡರು. ನಾನು ಯಾರಿಗೂ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಹೇಳಿದೆ, ಅಷ್ಟೆ.

ನರಿ ಜಗ್ಗಿದಷ್ಟೂ ತಂತಿ ಒಳಗಿಳಿಯುತ್ತಿತ್ತು. ಹತ್ತಿರ ಹೋದರೆ ಕಚ್ಚಲು ಬರುತ್ತಿತ್ತು. ಬೇಗ ಬಿಡಿಸದಿದ್ದರೆ ಕಾಲು ಹೋಗುತ್ತದೆ, ಕಾಲು ಹೋದರೆ ನರಿ ಉಳಿಯುವುದಿಲ್ಲ ಅಂದರು ಗುರುಗಳು.

ದೂರದಿಂದಲೇ ಕುತ್ತಿಗೆ ಹಿಡಿದು ನಿಲ್ಲಿಸುವ ಕೋಲು ಮಾಡುತ್ತೇನೆ ಅಂದ ಕೆಂಚಪ್ಪ.

ಬಿದಿರು ತಂದ. ಕಾದ ಸಲಾಕೆಯಿಂದ ಗೆಣ್ಣುಗಳನ್ನು ತೂತು ಮಾಡಿದ. ತೆಂಗಿನ ನಾರಿನ ಹಗ್ಗ ಗಟ್ಟಿಯಾಗಲಿ ಅಂತ ಹೊಳೆಯಲ್ಲಿ ಅದ್ದಿ, ಬಿದಿರಿನೊಳಗೆ ತೂರಿಸಿ, ತುದಿಯಲ್ಲಿ ಕುಣಿಕೆ ಮಾಡಿದ. ಹಿಂದೆ ಎಳೆದರೆ ಮುಂದೆ ಬಿಗಿಯಬೇಕು.

ಗುರುಗಳು ಕುಣಿಕೆಯೊಳಗೆ ತಮ್ಮ ಬಲಗೈ ಇಟ್ಟರು.

“ಎಳಿ” ಅಂದರು.

ಎಳೆದ. ಬಿಗಿಯಿತು. ಕೆಂಚಪ್ಪನ ಮುಖ ಅರಳಿತು.

“ಈಗ ಬಿಡು.”

ಬಿಟ್ಟ. ಕುಣಿಕೆ ಬಿಡಲಿಲ್ಲ. ನೆನೆದ ನಾರು ಊದಿಕೊಂಡು ಬಿದಿರಿನೊಳಗೆ ಕಚ್ಚಿ ಕೂತಿತ್ತು.

ಕೆಂಚಪ್ಪ ಕುಡುಗೋಲಿಗೆ ಓಡಿದ.

“ನರಿಯ ಕುತ್ತಿಗೆಗೆ ಬಿಗಿದಾಗಲೂ ಕುಡುಗೋಲು ಹಿಡಿದು ಹೋಗುತ್ತೀಯೇನಪ್ಪ?” ಅಂದರು ಗುರುಗಳು.

ಹಾಗಾಗಿ ಅವರಿಬ್ಬರೂ ನನ್ನ ಮನೆಗೆ ಬಂದರು. ಕೋಲಿನ ಆ ತುದಿಯಲ್ಲಿ ಗುರುಗಳು, ಈ ತುದಿಯಲ್ಲಿ ಶಿಷ್ಯ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೀರೆ ಹೊಳೆಪಾಲಾದದ್ದೂ ಗೊತ್ತಿಲ್ಲದೆ ಬಾಯಿ ಬಿಟ್ಟುಕೊಂಡು ನೋಡಿದರು. ಗುರುಗಳು ದಾರಿಯುದ್ದಕ್ಕೂ ಎಲ್ಲರ ಮನೆಯ ಕ್ಷೇಮ ವಿಚಾರಿಸುತ್ತಾ ಬಂದರಂತೆ. ಕೆಂಚಪ್ಪ ತಲೆಯೆತ್ತಲಿಲ್ಲ.

ಬಿಗಿಯಾದ ಬಳೆ ತೆಗೆಯುವ ಹಾಗೆ, ಎಣ್ಣೆ ಸವರಿ ಕೈ ಬಿಡಿಸಿದೆ. ನಾರಿನ ಹಗ್ಗ ಕಿತ್ತು ಬಿಸಾಕಿ, ಅಟ್ಟದ ಮೇಲಿದ್ದ ತೊಟ್ಟಿಲಿನ ನೂಲುಹಗ್ಗ ಕೊಟ್ಟೆ. ಕೆಂಚಪ್ಪ ಅದಕ್ಕೂ ಎಣ್ಣೆ ಹಚ್ಚಿ ತೂರಿಸಿದ. ಈ ಸಲ ತನ್ನ ಕೈಯನ್ನೇ ಇಟ್ಟುಕೊಂಡ. ಎಳೆದರೆ ಬಿಗಿಯಿತು, ಬಿಟ್ಟರೆ ಬಿಟ್ಟಿತು.

ನರಿಯಿದ್ದ ಬೇಲಿಯ ಕಡೆಗೆ ಹೋದರು. ನಾನೂ ಹೋದೆ. ಇಂಥದ್ದನ್ನು ಬಿಡುವುದುಂಟೆ?

ಕೆಂಚಪ್ಪ ನರಿಯ ಕುತ್ತಿಗೆಗೆ ಕುಣಿಕೆ ಇಳಿಸಿ, ಬೇಕಾದಷ್ಟೇ ಬಿಗಿದ. ಗುರುಗಳು ತಂತಿ ಬಿಡಿಸಿದರು. ಕಾಲು ಉಳಿಯಿತು.

ಅಷ್ಟರಲ್ಲಿ ಊರೇ ಬಂದು ಸೇರಿತ್ತು. ಬೆಳಗ್ಗೆ ನರಿ ಮುಖ ಕಂಡರೆ ಅದೃಷ್ಟ ಅಂತ ನಮ್ಮ ಕಡೆ ನಂಬಿಕೆ. ಕಣ್ಣು ಕಾಣದ ಮುದುಕರನ್ನೂ ಎತ್ತಿಕೊಂಡು ಬಂದಿದ್ದರು. ಗೌಡತಿ ಸಾಕಮ್ಮ ಕೆಂಚಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ನರಿಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿರಬೇಕಂತೆ. ಅವಳ ಅಳಿಯ ಎದ್ದು ಬಂದು ನೋಡಬೇಕಂತೆ. ಆ ಅಳಿಯ ಬಂದು ಮೂರು ತಿಂಗಳಾಗಿತ್ತು, ಒಂದು ದಿನವೂ ಊಟದ ಹೊತ್ತಿಗೆ ಮುಂಚೆ ಎದ್ದವನಲ್ಲ.

ಕೆಂಚಪ್ಪನಿಗೆ ಅಷ್ಟು ಜನ ಯಾವತ್ತೂ ಕೈ ಮುಗಿದಿರಲಿಲ್ಲ. ಅವನು ಹಗ್ಗ ಬಿಡಲಿಲ್ಲ. ನರಿ ನಾಲಿಗೆ ಚಾಚಿ ನಡುಗುತ್ತಿತ್ತು.

“ಬುದ್ಧಿ, ಇಷ್ಟು ಜನಕ್ಕೆ ಒಳ್ಳೆಯದಾಗುತ್ತೆ. ಇನ್ನೊಂದು ಗಳಿಗೆ ಹಿಡಿದಿರಲಾ?” ಅಂತ ಕೇಳಿದ.

ಗುರುಗಳು ಹೋಗಿ ನರಿಯ ಪಕ್ಕದಲ್ಲಿ, ಅದರಷ್ಟೇ ಎತ್ತರಕ್ಕೆ, ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಅಲ್ಲಿಂದ ತಲೆಯೆತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಗೌಡರನ್ನು, ಸಾಕಮ್ಮನನ್ನು, ನನ್ನನ್ನೂ. ಆಮೇಲೆ ಕೆಂಚಪ್ಪನನ್ನು.

ಕೆಂಚಪ್ಪನ ಕೈ ತಾನಾಗಿ ಸಡಿಲವಾಯಿತು.

ನರಿ ತಲೆ ಹೊರಗೆಳೆದು, ಸಾಕಮ್ಮನ ಸೆರಗಿನಡಿಯಲ್ಲೇ ನುಗ್ಗಿ, ಕುಂಟುತ್ತಾ ಹೊಳೆಯತ್ತ ಓಡಿತು. ಅವಳು ಗೌಡರ ಮೇಲೆ ಬಿದ್ದಳು, ಗೌಡರು ಬೇಲಿಯ ಮೇಲೆ ಬಿದ್ದರು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ಕೆಂಚಪ್ಪನೂ ನಕ್ಕ.

ಜನ ಚದುರಿದ ಮೇಲೆ ಅವನು ಗುರುಗಳ ಕೈ ಹಿಡಿದು ಎಬ್ಬಿಸಿದ.

“ನಾವೆಲ್ಲ ನರಿ ಮುಖ ನೋಡಿದೆವು, ಬುದ್ಧಿ. ನೀವು ಅಲ್ಲಿ ಕೂತು ಏನು ನೋಡಿದಿರಿ?”

ಗುರುಗಳು ಪಂಚೆಯ ಮಣ್ಣು ಕೊಡವಿಕೊಂಡು ಅಂದರು: “ಪಾಪ, ಆ ನರಿ ಈವತ್ತು ಯಾರ ಮುಖ ನೋಡಿ ಎದ್ದಿತ್ತು ಅಂತ ನೋಡಿದೆ.”