ಮಂಜಿನಲ್ಲಿ ಕೂಗಬೇಕಾದ ಹೆಸರು

"ಗುರುಗಳೇ, ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಒಳ್ಳೆಯದಾಗಲಿ ಎನ್ನುತ್ತೇವೆ. ಒಬ್ಬನ ಮೇಲಿನ ಸಿಟ್ಟಿಗೆ ಅವನ ಹೆಸರು ಮಾತ್ರ ನನ್ನ ನಾಲಿಗೆಗೆ ಬರುತ್ತಿಲ್ಲ. ಅದನ್ನು ಬಿಟ್ಟರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ.

ಆ ಹೆಸರು ಯಾರದೆಂದು ಗುರುಗಳು ಕೇಳಲಿಲ್ಲ; ಅವರಿಗೆ ಗೊತ್ತಿತ್ತು. ಕತೆ ಹೇಳಿದರು.

ಒಂದು ಹೊಳೆಯಲ್ಲಿ ಹುಲುಗಪ್ಪ, ಯಂಕಪ್ಪ ಎಂಬ ಇಬ್ಬರು ಅಂಬಿಗರು ಹರಿಗೋಲು ನಡೆಸುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಮಂಜು ಕವಿದರೆ ಹುಟ್ಟು ಹಿಡಿದ ಕೈಯೇ ಕಾಣದು. ಅದಕ್ಕೇ ಅವರಲ್ಲೊಂದು ಪದ್ಧತಿಯಿತ್ತು. ಒಬ್ಬ ನೀರಿನಲ್ಲಿದ್ದರೆ ಇನ್ನೊಬ್ಬ ದಡದಲ್ಲಿ ನಿಂತು ಅವನ ಹೆಸರು ಕೂಗಬೇಕು. ಹರಿಗೋಲು ಮರಳಿಗೆ ತಾಗುವವರೆಗೆ, ಗಂಟಲು ಒಡೆದರೂ, ನಿಲ್ಲಿಸುವಂತಿಲ್ಲ. ದನಿ ಬಂದ ಕಡೆಗೆ ದಡವಿದೆ ಎಂದು ನೀರಿನಲ್ಲಿದ್ದವನು ಹುಟ್ಟು ಹಾಕುತ್ತಿದ್ದ.

ಒಂದು ವರ್ಷ ಗಂಗಮ್ಮನ ಪೂಜೆಯ ಬಾಗಿನವನ್ನು ಯಾರ ಹರಿಗೋಲಿನಿಂದ ಬಿಡಬೇಕೆಂದು ಇಬ್ಬರಿಗೂ ಜಗಳವಾಯಿತು. ಹಿರಿಯರು ಯಂಕಪ್ಪನ ಪರವಾಗಿ ಹೇಳಿದರು. ಹುಲುಗಪ್ಪನಿಗೆ ಮೈಯೆಲ್ಲ ಉರಿಯಿತು. ಇನ್ನು ಆ ಹೆಸರು ತನ್ನ ಬಾಯಲ್ಲಿ ಬಂದರೆ ಕೇಳಿ ಎಂದು ಎದ್ದು ನಡೆದ.

ಮುಂದೆ ಮಂಜು ಬಿದ್ದ ಬೆಳಗ್ಗೆ ಯಂಕಪ್ಪ ನಡುಹೊಳೆಯಲ್ಲಿದ್ದ. ಹುಲುಗಪ್ಪ ದಡದಲ್ಲಿ ಕುಳಿತು ಬೀಡಿ ಹಚ್ಚಿದ.

"ಹುಲುಗಾ, ಎಲ್ಲದೀಯೋ? ಕೂಗಲೋ!" ಎಂದು ನೀರಿನಿಂದ ದನಿ ಬಂತು.

ಹುಲುಗಪ್ಪ ತುಟಿ ಬಿಚ್ಚಲಿಲ್ಲ. ಆ ದನಿ ಮೆಲ್ಲಮೆಲ್ಲಗೆ ಬಂಡೆಗಳ ಕಡೆಗೆ ಸರಿಯಿತು. ಆಮೇಲೆ ಕೇಳಿಸಲಿಲ್ಲ. ಮಂಜು ಕರಗಿದಾಗ ಬರಿಯ ಹರಿಗೋಲು ಬೋರಲಾಗಿ ತೇಲುತ್ತಿತ್ತು. ಯಂಕಪ್ಪನ ಹೆಣವೂ ಸಿಗಲಿಲ್ಲ.

ನಾನೇನು ಮುಳುಗಿಸಿದೆನೇ, ಸುಮ್ಮನಿದ್ದೆ ಅಷ್ಟೆ, ಎಂದುಕೊಂಡ ಹುಲುಗಪ್ಪ. ಸುಮ್ಮನಿರುವುದು ಎಷ್ಟು ಸಲೀಸಾದ ಕೆಲಸ ನೋಡು! ಸತ್ತವನ ಮೇಲಿನ ಸಿಟ್ಟು ಸಹ ಇಳಿಯಲಿಲ್ಲ. ಸತ್ತು ತನಗೆ ಕೆಟ್ಟ ಹೆಸರು ತಂದನೆಂದು ಅದು ಇನ್ನಷ್ಟು ಏರಿತು.

ಮರುವರ್ಷ ಆಚೆ ದಡದಿಂದ ಒಬ್ಬನೇ ಬರುತ್ತಿದ್ದಾಗ ಹುಲುಗಪ್ಪನನ್ನೇ ಮಂಜು ಹಿಡಿಯಿತು. ಅವನು ಹೊಳೆಯಲ್ಲಿರುವುದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ದಿಕ್ಕು ತಪ್ಪಿತು. ಆಗ ಕೂಗು ಕೇಳಿಸಿತು.

"ಹುಲುಗಾ... ಓ ಹುಲುಗಾ..."

ಯಂಕಪ್ಪನ ದನಿ. ಸೇಡು ತೀರಿಸಿಕೊಳ್ಳಲು ಮಡುವಿಗೆ ಕರೆಯುತ್ತಿದ್ದಾನೆ ಎಂದು ಹುಲುಗಪ್ಪ ದನಿಗೆ ಬೆನ್ನು ತಿರುಗಿಸಿ ಹುಟ್ಟು ಹಾಕಿದ. ಎಷ್ಟು ದೂರ ಸರಿದರೂ ಕೂಗು ನಿಲ್ಲಲಿಲ್ಲ. ಕೊನೆಗೆ ಎದುರಿನಲ್ಲೇ ಬಂಡೆಗಳಿಗೆ ನೀರು ಬಡಿಯುವ ಸದ್ದು ಕೇಳಿತು. ಹಿಂದಿನ ದನಿ ಅಷ್ಟರಲ್ಲಿ ಒಡೆದಿತ್ತು. ನಡುನಡುವೆ ಕೆಮ್ಮುತ್ತಿತ್ತು. ಬಹಳ ಹೊತ್ತು ದಡದಲ್ಲಿ ನಿಂತು ಕೂಗಿದವನ ಗಂಟಲು ಹೇಗಿರುತ್ತದೆಂದು ಅಂಬಿಗನಿಗೆ ಗೊತ್ತು. ಕೊಲ್ಲಲು ಬಂದವನು ಇಷ್ಟು ದಣಿಯುತ್ತಾನೆಯೇ? ಹುಲುಗಪ್ಪನಿಗೆ ಅಳು ಒತ್ತಿ ಬಂತು.

"ಯಂಕಾ, ಬಂದೆ ತಡಿಯೋ!" ಎಂದು ಹರಿಗೋಲು ತಿರುಗಿಸಿದ.

ಹರಿಗೋಲು ಮರಳಿಗೆ ತಾಗಿದ ಕೂಡಲೇ ಕೂಗು ನಿಂತಿತು. ದಡದಲ್ಲಿ ಯಾರೂ ಇರಲಿಲ್ಲ. ಒದ್ದೆ ಮರಳಿನಲ್ಲಿ ಒಂದು ಜೊತೆ ಹೆಜ್ಜೆ ಮಾತ್ರ ಹೊಳೆಗೆ ಮುಖಮಾಡಿ ಆಳವಾಗಿ ಊರಿದ್ದವು. ಬಂದ ಗುರುತಿರಲಿಲ್ಲ, ಹೋದ ಗುರುತಿರಲಿಲ್ಲ.

ಅಂದಿನಿಂದ ಮಂಜು ಬಿದ್ದಾಗಲೆಲ್ಲ ಹುಲುಗಪ್ಪ ದಡದಲ್ಲಿ ನಿಂತು, ಹರಿಗೋಲೇ ಇಲ್ಲದ ಹೊಳೆಯ ಕಡೆಗೆ ಯಂಕಪ್ಪನ ಹೆಸರು ಕೂಗುತ್ತಿದ್ದ. ಗಂಟಲು ಒಡೆದರೂ ನಿಲ್ಲಿಸುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಸತ್ತವನಿಗೆ ಆ ಕೂಗು ಕೇಳಿಸುತ್ತಿತ್ತೇ, ಗುರುಗಳೇ?"

"ನನಗೆ ತಿಳಿಯದು. ಆದರೆ ನೀನು ಯಾರ ಹೆಸರು ಬಿಡಬೇಕೆಂದಿದ್ದೀಯೋ ಅವನು ಇನ್ನೂ ಬದುಕಿದ್ದಾನೆ."