ದೊಡ್ಡವರ ಸೀಟು

ಸೊಸೈಟಿ ಅಧ್ಯಕ್ಷ ಗುರುಪಾದಪ್ಪನವರು ಹೊಸ ಗಾಡಿ ಕೊಳ್ಳಲು ಹೆತ್ತವ್ವನೂ ಸೇರಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಶೋರೂಮಿಗೆ ಬಂದರು.

"ವ್ಯಾನು ತಗೊಳ್ಳಿ ಬುದ್ಧಿ. ಅವ್ವಾರಿಗೆ ಮಂಡಿನೋವು, ಹತ್ತೋಕೆ ಸುಲಭ" ಎಂದ ಡ್ರೈವರ್. ಅವ್ವನನ್ನು ದಿನಾ ಎತ್ತಿ ಕೂರಿಸುವವನು ಅವನೇ ತಾನೆ!

"ವ್ಯಾನು ಸ್ಕೂಲ್ ಮಕ್ಕಳಿಗೆ ಕಣೋ! ನನ್ನ ಗತ್ತಿಗೆ ಎಸ್‌ಯುವಿನೇ ಸರಿ. ಅದರಲ್ಲೂ ಏಳು ಸೀಟಿದೆ. ದೊಡ್ಡವರು ಯಾವತ್ತೂ ಹಿಂದೆ ಕೂರಬೇಕು, ತಿಳ್ಕೋ."

"ಅಪ್ಪಣೆ ಬುದ್ಧಿ."

ಡ್ರೈವರ್ ಎಸ್‌ಯುವಿಯ ನಡುವಿನ ಸೀಟು ಮಡಚಿದ. ಅಧ್ಯಕ್ಷರನ್ನು ಸಕಲ ಮರ್ಯಾದೆಯೊಂದಿಗೆ ಕಟ್ಟಕಡೆಯ ಸಾಲಿಗೆ ತೂರಿಸಿದ. ಉಳಿದವರನ್ನು ಮುಂದೆ ಕೂರಿಸಿಕೊಂಡು ಟೆಸ್ಟ್ ಡ್ರೈವ್ ಅಂತ ಊರು ಸುತ್ತಿಸಿದ. ಹಂಪು ಹಾರಿದಾಗಲೆಲ್ಲ ಅಧ್ಯಕ್ಷರ ಮಂಡಿ ಅವರದೇ ಗದ್ದಕ್ಕೆ ಗುದ್ದಿತು.

"ಲೋ! ಅಧ್ಯಕ್ಷ ಕೂರೋ ಜಾಗವೇನೋ ಇದು?"

"ತಪ್ಪಾಯ್ತು ಬುದ್ಧಿ. ಇನ್ನೂ ಹಿಂದೆ ಅಂದ್ರೆ ಡಿಕ್ಕಿ ಒಂದೇ ಇರೋದು."

ನಾಲ್ಕು ಜನ ಎಳೆದು ಇಳಿಸಿದ ಮೇಲೆ ಅಧ್ಯಕ್ಷರು ತಮ್ಮ ಮಂಡಿ ಉಜ್ಜಿಕೊಳ್ಳುತ್ತ ಗದ್ಗದಿತರಾದರು: "ಪಾಪ, ಅವ್ವನ ಮಂಡಿ! ವ್ಯಾನೇ ತಗೊಳ್ಳೋಣ."