ಒಂದೇ ಕೈಯಿಂದ ಕಟ್ಟುವ ಪಟ್ಟಿ

ಪೇಟೆಗೆ ಹೋಗಿ ಬಂದ ಶಿಷ್ಯ ಬೊಮ್ಮಯ್ಯ ಗುರುಗಳನ್ನು ಕೇಳಿದ:

"ಗುರುಗಳೇ, ಅರಸರ ಕಣಜದಿಂದ ಸಣ್ಣ ಕಸುಬುದಾರರಿಗೆ ಭತ್ತ ಅಳೆದು ಕೊಡುತ್ತಿದ್ದರು. ಅವರಿನ್ನೂ ಏನನ್ನೂ ಮಾಡಿ ಮುಗಿಸಿಲ್ಲ, ಆದ್ದರಿಂದ ಅದು ಕೂಲಿಯಲ್ಲ. ಅವರು ತಿರುಕರೂ ಅಲ್ಲ, ಆದ್ದರಿಂದ ಭಿಕ್ಷೆಯಲ್ಲ. ಹಾಗಾದರೆ ಅದು ಏನು?"

ಗುರುಗಳು ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಬಹುಕಾಲ ಯುದ್ಧ ನಡೆದು ನಿಂತಿತು. ಆ ನಾಡಿನ ಸೈನ್ಯದಲ್ಲಿ ಒಬ್ಬ ವೈದ್ಯನಿದ್ದ. ಗಾಯದಿಂದ ಹರಿಯುವ ರಕ್ತವನ್ನು ತಡೆಯಲು ಅವನು ಒಂದು ಪಟ್ಟಿ ಮಾಡಿಸಿದ್ದ. ನಾಲ್ಕು ಬೆರಳು ಅಗಲದ ನೂಲಿನ ಪಟ್ಟಿ, ಅದಕ್ಕೆ ಸೇರಿಸಿ ಹೊಲಿದ ಒಂದು ಮರದ ಗೂಟ. ಗಾಯದ ಮೇಲ್ಗಡೆ ಪಟ್ಟಿ ಸುತ್ತಿ ಗೂಟ ತಿರುಗಿಸಿದರೆ ರಕ್ತ ನಿಲ್ಲುತ್ತಿತ್ತು. ವೈದ್ಯನ ಬಳಿ ಹೊತ್ತು ತರುವವರೆಗೆ ಸೈನಿಕನ ಜೀವ ಉಳಿಯುತ್ತಿತ್ತು.

ಯುದ್ಧ ಮುಗಿದ ಮೇಲೆ ವೈದ್ಯ ಹಳ್ಳಿಗಳಲ್ಲಿ ಓಡಾಡಿದ. ಕೊಡಲಿ ತಾಗಿ ಸತ್ತವರನ್ನು ಕಂಡ, ಗಾಣಕ್ಕೆ ಕೈ ಸಿಕ್ಕಿ ಸತ್ತವರನ್ನು ಕಂಡ. ಅರಸನ ಬಳಿ ಹೋಗಿ, ಸೈನಿಕನಿಗೆ ಸಿಕ್ಕಿದ್ದು ಸೌದೆ ಒಡೆಯುವವನಿಗೂ ಸಿಗಬೇಕು ಎಂದ. ಉಗ್ರಾಣದಲ್ಲಿರುವ ಪಟ್ಟಿಗಳನ್ನು ಹಂಚಿಬಿಡು ಎಂದು ಅರಸ ಹೇಳಿದ. ಹಂಚಿದರೆ ಒಂದು ವರ್ಷಕ್ಕೆ ಮುಗಿಯುತ್ತದೆ, ಯಾರಾದರೂ ಅದನ್ನು ಕಸುಬು ಮಾಡಿಕೊಂಡರೆ ಮಾತ್ರ ಉಳಿಯುತ್ತದೆ ಎಂದ ವೈದ್ಯ. ಅದು ಅರಸನಿಗೆ ಒಪ್ಪಿಗೆಯಾಯಿತು. ಈ ಪಟ್ಟಿಯನ್ನು ಸಂತೆಯ ಸರಕಾಗಿ ಮಾಡುವ ಸಣ್ಣ ಕಸುಬುದಾರನಿಗೆ ಒಂದು ವರ್ಷದ ಭತ್ತ ಮತ್ತು ನೂಲು ಕೊಡುವುದಾಗಿ ಡಂಗುರ ಹೊಡೆಸಿದ.

ದೊಡ್ಡ ವರ್ತಕರು ಕೇಳಿ ನಕ್ಕರು. ಇನ್ನೂ ಆಗದ ಗಾಯಕ್ಕೆ ಯಾರು ಪಟ್ಟಿ ಕೊಳ್ಳುತ್ತಾರೆ ಎಂಬುದು ಅವರ ಮಾತು. ಬಂದವನು ಒಬ್ಬನೇ, ಕುದುರೆಯ ಜೀನಿಗೆ ಪಟ್ಟಿ ನೇಯುತ್ತಿದ್ದ ಒಬ್ಬ ನೇಕಾರ. ಯುದ್ಧ ನಿಂತು ಅವನ ಮಗ್ಗವೂ ನಿಂತಿತ್ತು. ಆದರೆ ಅವನನ್ನು ಎಳೆದದ್ದು ಹಸಿವಿಗಿಂತ ಹೆಚ್ಚಾಗಿ ಕುತೂಹಲ. ವೈದ್ಯ ಕೊಟ್ಟ ಪಟ್ಟಿಯನ್ನು ದಾರಿಯಲ್ಲೇ ಕಾಲಿಗೆ ಸುತ್ತಿ ಗೂಟ ತಿರುಗಿಸಿ ನೋಡಿದ. ಕಾಲು ಜೋಮು ಹಿಡಿಯಿತು. ಇಷ್ಟು ಸಣ್ಣ ಗೂಟಕ್ಕೆ ಇಷ್ಟು ಬಲ ಎಲ್ಲಿಂದ ಬಂತು ಎಂದು ಯೋಚಿಸುತ್ತ, ಕುಂಟಿಕೊಂಡೇ ಮನೆಗೆ ಹೋದ.

ಸೈನ್ಯದ ಪಟ್ಟಿ ಹೇಗಿತ್ತೋ ಹಾಗೆಯೇ ಐವತ್ತು ಪಟ್ಟಿ ನೇಯ್ದ. ಕೆಲವು ಮಾರಾಟವಾದವು. ಕಬ್ಬಿನ ಗಾಣ ನಡೆಸುತ್ತಿದ್ದ ಒಬ್ಬ ಹೆಂಗಸೂ ಒಂದನ್ನು ಕೊಂಡು ಗೋಡೆಗೆ ತೂಗುಹಾಕಿದಳು.

ತಿಂಗಳು ಕಳೆಯುವುದರೊಳಗೆ ಅವಳ ಬಲಗೈ ಗಾಣಕ್ಕೆ ಸಿಕ್ಕಿತು. ಸುದ್ದಿ ಕೇಳಿ ನೇಕಾರ ಓಡಿಹೋದ. ಜೀವ ಉಳಿದಿತ್ತು, ಕೈ ಉಳಿದಿರಲಿಲ್ಲ. ವೈದ್ಯ ಮಣಿಕಟ್ಟಿನ ಬಳಿ ಅದನ್ನು ತೆಗೆದಿದ್ದ.

"ಪಟ್ಟಿ ಇತ್ತಲ್ಲವೇ, ತಾಯಿ?" ಎಂದು ನೇಕಾರ ಕೇಳಿದ.

"ಇತ್ತು, ಅಣ್ಣ. ಆದರೆ ಅದು ಇಬ್ಬರಿದ್ದಾಗ ಕಟ್ಟುವ ಪಟ್ಟಿ. ಗಾಣದ ಹತ್ತಿರ ನಾನೊಬ್ಬಳೇ ಇದ್ದೆ. ಪಕ್ಕದ ಹೊಲದವರು ಬಂದು ಕಟ್ಟುವ ಹೊತ್ತಿಗೆ ನೆಲವೆಲ್ಲ ರಕ್ತವಾಗಿತ್ತು."

ನೇಕಾರ ತಲೆ ತಗ್ಗಿಸಿದ. ಸೈನಿಕನ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬ ಸೈನಿಕನಿರುತ್ತಾನೆ. ದುಡಿಯುವವರ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಮಾತು ಅವನಿಗೆ ಹೊಳೆದಿರಲಿಲ್ಲ, ವೈದ್ಯನಿಗೂ ಹೊಳೆದಿರಲಿಲ್ಲ.

ಮನೆಗೆ ಬಂದವನು ಮಾರದೆ ಉಳಿದ ಪಟ್ಟಿಗಳನ್ನು ಬಿಚ್ಚಿ ನೂಲು ತೆಗೆದ. ತನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಸಿಕೊಂಡ. ಎಡಗೈ ಮತ್ತು ಹಲ್ಲುಗಳಿಂದ ಕಟ್ಟಬಲ್ಲ ಪಟ್ಟಿಗಾಗಿ ಹುಡುಕಿದ. ಒಂದು ಪಟ್ಟಿ ಜಾರಿತು. ಒಂದರ ಗೂಟ ಕೈಬಿಟ್ಟ ಕೂಡಲೇ ಹಿಂದಕ್ಕೆ ಸುತ್ತಿಕೊಂಡಿತು. ಒಂದು ಒಣಗಿದ್ದಾಗ ಚೆನ್ನಾಗಿ ಹಿಡಿಯಿತು, ರಕ್ತದಂತೆ ಜಾರಲೆಂದು ಎಣ್ಣೆ ಸವರಿ ನೋಡಿದರೆ ನಿಲ್ಲಲಿಲ್ಲ. ಇನ್ನೊಂದನ್ನು ಎಳೆಯುವಾಗ ಅವನ ಮುಂದಿನ ಹಲ್ಲೊಂದು ಅಲ್ಲಾಡಿತು. ಕೆಟ್ಟ ಪಟ್ಟಿಗಳು ಮೂಲೆಯಲ್ಲಿ ರಾಶಿಯಾದವು. ಹೆಂಡತಿ ಭತ್ತ ಕುಟ್ಟಿ ಅನ್ನ ಮಾಡಿದಳು, ಅವನು ಉಂಡು ಮತ್ತೆ ಮಗ್ಗಕ್ಕೆ ಕುಳಿತ. ಹೀಗೆ ಹತ್ತು ತಿಂಗಳು ಕಳೆದವು.

ಕಣಜದ ಅಧಿಕಾರಿ ನೋಡಲು ಬಂದ. ಸಂತೆಯಲ್ಲಿ ಇವನ ಸರಕಿರಲಿಲ್ಲ, ಮನೆಯಲ್ಲಿ ಆ ರಾಶಿಯಿತ್ತು. ಅರಸರ ಅನ್ನ ಉಂಡು ಚಿಂದಿ ನೇಯ್ದಿದ್ದಾನೆ ಎಂದು ಅವನು ಅರಸನಿಗೆ ಹೇಳಿದ. ನೇಕಾರನನ್ನು ರಾಶಿಯ ಸಮೇತ ಕರೆಸಿದರು. ಭತ್ತ ನಿಲ್ಲುತ್ತದೆ ಎಂಬುದು ದಾರಿಯುದ್ದಕ್ಕೂ ನೇಕಾರನಿಗೆ ಗೊತ್ತಿತ್ತು. ತಿರುಗಿಸಿದ ಗೂಟ ಕೈಬಿಟ್ಟರೂ ಹಿಂದಕ್ಕೆ ಸುತ್ತಿಕೊಳ್ಳದಂತೆ ಹಿಡಿದಿಡುವುದು ಹೇಗೆ ಎಂಬ ಒಂದೇ ಸಂಗತಿ ಬಾಕಿಯಿತ್ತು. ಅದನ್ನು ತಿಳಿಯದೆಯೇ ಕೆಲಸ ಬಿಡಬೇಕಲ್ಲ ಎಂದು ಅವನಿಗೆ ವ್ಯಥೆಯಾಯಿತು.

ಸಭೆಯಲ್ಲಿ ವೈದ್ಯ ರಾಶಿಯಿಂದ ಒಂದು ಪಟ್ಟಿ ಎತ್ತಿದ. "ಇದು ಯಾಕೆ ಕೆಟ್ಟಿತು?" ಎಂದು ಕೇಳಿದ. ನೇಕಾರ ಹೇಳಿದ. ಇನ್ನೊಂದು ಎತ್ತಿದ. ಅದಕ್ಕೂ ಹೇಳಿದ. ರಾಶಿ ಮುಗಿಯುವವರೆಗೆ ವೈದ್ಯ ಕೇಳುತ್ತ ಹೋದ. ಕೇಳುತ್ತ ಕೇಳುತ್ತ ನೆಲದ ಮೇಲೆ ನೇಕಾರನ ಎದುರಿಗೇ ಕುಳಿತುಬಿಟ್ಟಿದ್ದ.

ಕೊನೆಗೆ ಅರಸನ ಕಡೆ ತಿರುಗಿ, "ಈ ಪಟ್ಟಿ ಮಾಡಿಸಿದವನು ನಾನು. ಇವನಿಗೆ ಗೊತ್ತಿರುವುದರಲ್ಲಿ ಅರ್ಧವೂ ನನಗೆ ಗೊತ್ತಿಲ್ಲ" ಎಂದ.

ಅರಸ ಇನ್ನೊಂದು ವರ್ಷದ ಭತ್ತ ಅಳೆಸಿದ.

ಮುಂದಿನ ಸುಗ್ಗಿಗೆ ಮೊದಲು ನೇಕಾರ ಗಾಣದ ಹೆಂಗಸಿನ ಮನೆಗೆ ವೈದ್ಯನನ್ನು ಕರೆದುಕೊಂಡು ಹೋದ. ಹೊಸ ಪಟ್ಟಿಯ ಒಳಮೈ ಒರಟಾಗಿತ್ತು, ಗೂಟಕ್ಕೆ ಕೊಂಬಿನ ಒಂದು ಕೊಂಡಿಯಿತ್ತು. ಅವಳು ಅದರ ಕುಣಿಕೆಯನ್ನು ಬಲತೋಳಿಗೆ ತೂರಿಸಿದಳು, ಹಲ್ಲಿನಿಂದ ಎಳೆದಳು, ಎಡಗೈಯಿಂದ ಗೂಟ ತಿರುಗಿಸಿ ಕೊಂಡಿಗೆ ಸಿಕ್ಕಿಸಿದಳು. ವೈದ್ಯ ಅವಳ ಮೊಣಕೈಯ ಮಡಿಕೆಯಲ್ಲಿ ನಾಡಿ ಹುಡುಕಿದ. ಸಿಗಲಿಲ್ಲ, ರಕ್ತದ ಹರಿವು ಪೂರ್ತಿ ನಿಂತಿತ್ತು. ಅವಳು ಅದನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.

ಆ ವರ್ಷ ಸೌದೆ ಒಡೆಯುವವರು, ಗಾಣದವರು, ಕಲ್ಲು ಕಡಿಯುವವರು ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರು. ನೇಕಾರ ಮೂರು ಮಗ್ಗ ಹೂಡಿದ. ಅರಸನ ಭತ್ತವನ್ನು ತಾನಾಗಿಯೇ ಬೇಡವೆಂದ. ಗಡಿಯಲ್ಲಿ ಒಂಟಿಯಾಗಿ ಕಾವಲಿರುವ ಸೈನಿಕರೂ ಹಳೆಯ ಪಟ್ಟಿ ಬಿಟ್ಟು ಇವನದನ್ನೇ ಕೇಳಿ ತರಿಸಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಯ್ಯ, "ಎರಡನೆಯ ವರ್ಷದ ಭತ್ತ ಅರ್ಥವಾಯಿತು, ಗುರುಗಳೇ. ಅದು ಬಿತ್ತನೆ, ಬೆಳೆ ಬಂತು. ಮೊದಲ ವರ್ಷದ್ದು ವ್ಯರ್ಥವಾಯಿತಲ್ಲವೇ?" ಎಂದ.

ಗುರುಗಳು ಹೇಳಿದರು: "ಆ ವರ್ಷ ಅರಸ ಅವನಿಗೆ ಕೊಟ್ಟದ್ದು ತಪ್ಪು ಮಾಡುವ ಅವಕಾಶ, ಬೊಮ್ಮಯ್ಯ, ಬಡವನಿಗೆ ಅದನ್ನು ಬೇರೆ ಯಾರು ಕೊಡುತ್ತಾರೆ?"